ಜಲಸರ್ಪಕ್ಕೆ ಅಳಿಲು ಸೇವೆ

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ವಾಷಿಂಗ್ ಮಷೀನು ದಿನಕ್ಕೆರಡು ಸಲ ಒಂದು ಹಾವನ್ನು ಕೊಲ್ಲುತ್ತಿತ್ತು. ಗಾಬರಿಯಾಗಬೇಡಿ. ಎರಡೂ ಅಂಗೈಯಗಲದ ಪರದೆಯೊಳಗಿನ ಪ್ರಾಣಿಗಳು. ಮಗಳ ಮಗಳಿಗೆ ಹದಿನಾಲ್ಕು, ಮಗನ ಮಗನಿಗೆ ಹನ್ನೊಂದು. ಅಮೆರಿಕದಲ್ಲಿರುವ ನನ್ನ ಕಿರಿಯ ಮಗ ತನ್ನ ಹಳೆಯ ನಿಂಟೆಂಡೊ 3ಡಿಎಸ್ ಆಟದ ಪೆಟ್ಟಿಗೆಗಳೆರಡನ್ನು ಇವರಿಗೆ ಕಳಿಸಿಕೊಟ್ಟಿದ್ದ. ಎದುರುಬದುರು ಕೂತು ಪೋಕೆಮಾನ್ ಆಡುವುದು, ಹುಡುಗ ಸೋಲುವುದು, ಪೆಟ್ಟಿಗೆಯನ್ನು ದಿಂಬಿನ ಮೇಲೆ ಎಸೆಯುವುದು, ಇಬ್ಬರೂ ಊಟದ ತನಕ ಮಾತು ಬಿಡುವುದು. ಇದು ಒಂದು ವಾರ ನಡೆಯಿತು.

ಎಂಟನೆಯ ದಿನ ಹುಡುಗ ಅಳುತ್ತಾ ನನ್ನ ಹತ್ತಿರ ಬಂದ. "ತಾತ, ಗ್ಯಾರಡಾಸ್‌ನ ಬಿಟ್ಟುಬಿಡ್ತೀನಿ. ಅದು ವೇಸ್ಟು."

ಬಿಡುವುದೆಂದರೆ ಆಟದಿಂದಲೇ ಅಳಿಸಿಹಾಕುವುದು. ಮತ್ತೆ ಅದು ಸಿಗುವುದಿಲ್ಲ. ನನಗೆ ಅಷ್ಟೊತ್ತಿಗೆ ಗೊತ್ತಾದ ಸಂಗತಿ ಏನೆಂದರೆ, ಆ ಜಲಸರ್ಪವನ್ನು ಅವನು ಮ್ಯಾಜಿಕಾರ್ಪ್ ಎಂಬ ಮೀನಿನಿಂದ ಸಾಕಿ ಬೆಳೆಸಿದ್ದ. ಆಟದಲ್ಲಿ ಎಲ್ಲರೂ ನಗುವ ಮೀನು ಅದು. ನೀರಿನಿಂದ ಮೇಲೆ ಹಾರಿ ಪಟಪಟ ಬಡಿದುಕೊಳ್ಳುವುದು ಬಿಟ್ಟರೆ ಮೊದಮೊದಲು ಅದಕ್ಕೆ ಏನೂ ಬರುವುದಿಲ್ಲ. ಆದರೆ 20ನೆಯ ಮೆಟ್ಟಿಲು ತಲುಪಿದ ಕೂಡಲೇ ಅದು ಗ್ಯಾರಡಾಸ್ ಎಂಬ ಘೋರ ಜಲಸರ್ಪವಾಗಿಬಿಡುತ್ತದೆ. ನದಿಗೆದುರಾಗಿ ಈಜಿ ಹೆಬ್ಬಾಗಿಲನ್ನು ಹಾರಿದ ಮೀನು ಡ್ರ್ಯಾಗನ್ ಆಗುತ್ತದೆ ಎಂದು ಚೀನಾದಲ್ಲೊಂದು ಹಳೆಯ ಕಥೆಯಿದೆ; ಇದು ಆ ಕಥೆಯ ನೆರಳು. ಅಷ್ಟು ಕಷ್ಟಪಟ್ಟು ಸಾಕಿದ್ದನ್ನು ಬಿಡುತ್ತೇನೆ ಅಂದರೆ ಹುಡುಗನ ಹೊಟ್ಟೆಯೊಳಗೆ ಎಷ್ಟು ಉರಿದಿರಬೇಕು ನೋಡಿ.

"ಬಿಡುವಿಯಂತೆ. ಮೊದಲು ಲೆಕ್ಕ ತೋರಿಸು" ಎಂದೆ. ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನ ಬಾಯಲ್ಲಿ ಬೇರೆ ಮಾತು ಬರುವುದಿಲ್ಲ.

ಅಜ್ಜ ಅಜ್ಜಿಯರಿಗಾಗಿ ಆಟದ ಪರಿಚಯ ನಾಲ್ಕು ಮಾತಿನಲ್ಲಿ ಮಾಡಿಕೊಡುತ್ತೇನೆ. ಮಕ್ಕಳು ಮುಂದಿನ ಪ್ಯಾರಾಕ್ಕೆ ಹೋಗಬಹುದು. ಪೋಕೆಮಾನ್ 1996ರಲ್ಲಿ ಜಪಾನಿನಲ್ಲಿ ಹುಟ್ಟಿತು. ಹುಟ್ಟಿಸಿದ ಸತೋಶಿ ತಜಿರಿ ಅವರಿಗೆ ಚಿಕ್ಕಂದಿನಲ್ಲಿ ಹುಳುಹುಪ್ಪಟೆ ಹಿಡಿದು ಸಾಕುವ ಹುಚ್ಚು. ಅದೇ ಆಟವಾಯಿತು. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಕಾಳಗಕ್ಕೆ ಬಿಡುವುದು. ಸ್ಪರ್ಧೆಯಲ್ಲಿ ಆಡುವವರು ಆರು ಪ್ರಾಣಿಗಳ ತಂಡ ತರುತ್ತಾರೆ. ಎದುರಾಳಿಯ ಆರನ್ನು ನೋಡಿ, ತಮ್ಮ ಆರರಲ್ಲಿ ನಾಲ್ಕನ್ನು ಆರಿಸುತ್ತಾರೆ. ಕಣದಲ್ಲಿ ಒಂದು ಸಲಕ್ಕೆ ಎರಡೆರಡು ನಿಲ್ಲುತ್ತವೆ. ಎಲ್ಲವನ್ನೂ 50ನೆಯ ಮೆಟ್ಟಿಲಿಗೆ ಸಮ ಮಾಡಲಾಗುತ್ತದೆ, ಆದ್ದರಿಂದ ಹೆಚ್ಚು ಹೊತ್ತು ಆಡಿದವನೇ ಗೆಲ್ಲುತ್ತಾನೆ ಎಂಬುದಿಲ್ಲ. ನೀರು ಬೆಂಕಿಯನ್ನು ಆರಿಸುತ್ತದೆ, ವಿದ್ಯುತ್ತು ನೀರಿನಲ್ಲಿ ಹರಿಯುತ್ತದೆ, ಇಂಥ ಹದಿನೆಂಟು ಜಾತಿಗಳ ಒಲವು-ವೈರಗಳ ಮೇಲೆ ಇಡೀ ಆಟ ನಿಂತಿದೆ.

ಹುಡುಗನ ತಂಡ ನೋಡಿದೆ. ಆರಕ್ಕೆ ಆರೂ ಹೊಡೆಯುವವರೇ! ಇಡೀ ಶಾಖೆಯಲ್ಲಿ ಎಲ್ಲರೂ ಮ್ಯಾನೇಜರುಗಳು, ಟೋಕನ್ ಕೊಡುವವರು ಯಾರೂ ಇಲ್ಲ ಎಂಬಂತೆ. ಅಕ್ಕನ ಕಡೆ ಎರಡು ಮುಖ್ಯ. ಒಂದು ರೋಟಮ್: ವಾಷಿಂಗ್ ಮಷೀನಿನೊಳಗೆ ಹೊಕ್ಕ ದೆವ್ವ. ತಮಾಷೆಯಲ್ಲ, ಪರದೆಯ ಮೇಲೆ ನಿಜಕ್ಕೂ ಬಟ್ಟೆ ಒಗೆಯುವ ಮಷೀನೇ ತೇಲಾಡುತ್ತದೆ. ಇನ್ನೊಂದು ಟ್ಯಾಲನ್‌ಫ್ಲೇಮ್, ಬೆಂಕಿ ಗಿಡುಗ. ಅದರ ರೆಕ್ಕೆಯ ಹೊಡೆತ ಎಲ್ಲರಿಗಿಂತ ಮೊದಲು ಬೀಳುತ್ತದೆ.

ಗ್ಯಾರಡಾಸ್ ನೀರು ಮತ್ತು ಗಾಳಿ, ಎರಡು ಜಾತಿಗೂ ಸೇರಿದ್ದು. ವಿದ್ಯುತ್ತು ಎರಡಕ್ಕೂ ಶತ್ರು. ಹಾಗಾಗಿ ವಿದ್ಯುತ್ತಿನ ಹೊಡೆತ ಎರಡು ಪಟ್ಟಲ್ಲ, ಎರಡೆರಡಲ ನಾಲ್ಕು ಪಟ್ಟು ಬೀಳುತ್ತದೆ. ಹಾನಿ ಲೆಕ್ಕ ಹಾಕುವ ಸೂತ್ರವೊಂದಿದೆ. ಅದನ್ನು ಹುಡುಗ ಬರೆದುಕೊಟ್ಟ, ನಾನು ಕನ್ನಡಕ ಏರಿಸಿ ಕೂತೆ. ಹಾವಿನ ಜೀವ 170. ಮಷೀನಿನ ಥಂಡರ್‌ಬೋಲ್ಟ್ ಎಂಬ ಸಿಡಿಲು ಬಿದ್ದರೆ ಕಡಿಮೆ ಎಂದರೂ ನಷ್ಟ 268. ಖಾತೆಯಲ್ಲಿ 170 ಇಟ್ಟುಕೊಂಡು 268ರ ಚೆಕ್ಕು ಕೊಟ್ಟರೆ ಏನಾಗುತ್ತದೋ ಅದೇ ದಿನವೂ ಆಗುತ್ತಿತ್ತು.

ಹಾವಿನ ಬಲ ಕಡಿಮೆಯೇನಲ್ಲ. ಒಂದು ಕಾಳಗದಲ್ಲಿ ಒಂದು ತಂಡಕ್ಕೆ ಒಂದೇ ಸಲ 'ಮೆಗಾ' ರೂಪ ತಾಳುವ ಅವಕಾಶವಿತ್ತು, ಆ ಕಾಲದ ಆಟಗಳಲ್ಲಿ. ಗ್ಯಾರಡಾಸ್ ಮೆಗಾ ಆದರೆ ದಾಳಿಯ ಮೂಲ ಅಂಕ 125ರಿಂದ 155ಕ್ಕೆ ಏರುತ್ತದೆ, ಚರ್ಮವೂ ಗಟ್ಟಿಯಾಗುತ್ತದೆ. ಇಷ್ಟಿದ್ದೂ ಅದು ಸೋಲುತ್ತಿದ್ದುದು ತನ್ನ ದೌರ್ಬಲ್ಯದಿಂದಲ್ಲ. ಪಕ್ಕದಲ್ಲಿ ನಿಂತವರಿಗೆ ಅದರ ಚಿಂತೆಯೇ ಇರಲಿಲ್ಲ.

ಇಲ್ಲಿಗೆ ಬಂದಾಗ ಹುಡುಗನೇ ಒಂದು ಹಳೆಯ ಪಂದ್ಯದ ವಿಡಿಯೊ ತೋರಿಸಿದ. 2014ರ ಆಗಸ್ಟಿನಲ್ಲಿ ಅಮೆರಿಕದ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ಪೋಕೆಮಾನ್ ವಿಶ್ವ ಚಾಂಪಿಯನ್‌ಷಿಪ್. ದೊಡ್ಡವರ ವಿಭಾಗದಲ್ಲಿ ಗೆದ್ದವರು ದಕ್ಷಿಣ ಕೊರಿಯಾದ ಸೆಜುನ್ ಪಾರ್ಕ್. ಅವರ ತಂಡದಲ್ಲೂ ಗ್ಯಾರಡಾಸ್ ಇತ್ತು, ಗಾರ್ಚಾಂಪ್ ಎಂಬ ನೆಲದ ಡ್ರ್ಯಾಗನ್ ಇತ್ತು, ಬೆಂಕಿ ಗಿಡುಗವೂ ಇತ್ತು. ಅವೆಲ್ಲ ಹೆಸರಾಂತ ಪೈಲ್ವಾನರು. ಅವುಗಳ ನಡುವೆ ಒಂದು ಬಿಳಿ-ನೀಲಿ ಪುಟಾಣಿ. ಹೆಸರು ಪಾಚಿರಿಸು. 'ರಿಸು' ಎಂದರೆ ಜಪಾನೀ ಭಾಷೆಯಲ್ಲಿ ಅಳಿಲು. ಅದರ ಆರು ಮೂಲ ಅಂಕಗಳನ್ನು ಕೂಡಿಸಿದರೆ 405. ಮೆಗಾ ಗ್ಯಾರಡಾಸ್‌ನದು 640. ಮುದ್ದು ಪ್ರಾಣಿ ಎಂದು ಸಾಕುವವರುಂಟು, ವಿಶ್ವ ಸ್ಪರ್ಧೆಗೆ ಅದನ್ನು ಕರೆತರುವುದೇ? ಜನ ಬಾಯಿಬಿಟ್ಟು ನೋಡಿದರು.

ಅಳಿಲಿನ ಕೆಲಸ ಕೇಳಿ. ಅದಕ್ಕೆ ಫಾಲೋ ಮಿ ಎಂಬ ಪಟ್ಟು ಬರುತ್ತದೆ. ಅಂದರೆ 'ಇಲ್ಲಿ ನೋಡಿ, ನನ್ನ ಕಡೆ!' ಎದುರಾಳಿಗಳು ಯಾರಿಗೇ ಗುರಿಯಿಟ್ಟಿರಲಿ, ಆ ಸುತ್ತಿನ ಹೊಡೆತ ಅಳಿಲಿನ ಮೇಲೆ ಬೀಳುತ್ತದೆ. (ಇಬ್ಬರಿಗೂ ಒಟ್ಟಿಗೆ ಬೀಳುವ ಹೊಡೆತಗಳನ್ನು ಮಾತ್ರ ಅದು ಎಳೆದುಕೊಳ್ಳಲಾರದು.) ಮೇಲಾಗಿ ಪಾರ್ಕ್ ಅವರ ಅಳಿಲಿಗೆ ವೋಲ್ಟ್ ಅಬ್ಸಾರ್ಬ್ ಎಂಬ ಹುಟ್ಟುಗುಣ. ವಿದ್ಯುತ್ತು ತಗುಲಿದರೆ ನೋಯುವುದಿಲ್ಲ, ಬದಲಿಗೆ ತನ್ನ ಪೂರ್ತಿ ಜೀವದ ಕಾಲು ಭಾಗದಷ್ಟು ಚೇತರಿಸಿಕೊಳ್ಳುತ್ತದೆ. ಹಾವಿಗೆ ವಿಷವಾದದ್ದು ಇದಕ್ಕೆ ಹಾಲು.

"ಅಳಿಲು ಸೇವೆ ಅಂತ ನಾವು ಹೇಳ್ತೀವಲ್ಲ, ಅದೇ ಇದು" ಎಂದೆ. ಸೇತುವೆ ಕಟ್ಟುವಾಗ ಮರಳಿನಲ್ಲಿ ಹೊರಳಿ ಮೈ ಕೊಡವಿದ ಅಳಿಲಿನ ಕಥೆ ಅವನಿಗೆ ಗೊತ್ತು. "ಆದ್ರೆ ಅದರ ಬೆನ್ನು ಸವರಿದ್ರು. ಇದಕ್ಕೆ ಬರೀ ಏಟು" ಎಂದ. ಸರಿಯೇ.

ಎಲ್ಲ ಪಾಚಿರಿಸುಗಳಿಗೂ ಫಾಲೋ ಮಿ ಬರುವುದಿಲ್ಲ. ಮೊಟ್ಟೆಯಿಂದ ಹೊರಬರುವಾಗಲೇ ಅದನ್ನು ಕಲಿತು ಬರಬೇಕು; ಅದಕ್ಕೆ ತಕ್ಕ ತಂದೆತಾಯಿ ಹುಡುಕಬೇಕು. ಹುಡುಗ ಮೂರು ದಿನ ಮೊಟ್ಟೆ ಕಾವಿಗಿಟ್ಟ. ನಾನು ಆ ಮೂರು ದಿನ ತಂಡ ಕಟ್ಟುವ ಬಗೆ ಯೋಚಿಸಿದೆ. ಅವನ ಕ್ರಮ ಹೀಗಿತ್ತು: ಬಲವಾದದ್ದು ಒಂದು, ಅದರ ಪಕ್ಕ ಇನ್ನೊಂದು ಬಲವಾದದ್ದು, ಮತ್ತೊಂದು. ನಾನು ಹಾಳೆಯನ್ನು ಎರಡು ಭಾಗ ಮಾಡಿ ಎಡಕ್ಕೆ ಹಾವಿನ ಸಾಲಗಾರರ ಪಟ್ಟಿ ಬರೆಯಲು ಹೇಳಿದೆ. ಯಾರ್‍ಯಾರು ಬಾಗಿಲಿಗೆ ಬಂದು ಅದನ್ನು ಪೀಡಿಸಬಲ್ಲರು? ಮೆಗಾ ಆದ ಮೇಲೆ ಅದು ಗಾಳಿಯ ಜಾತಿ ಬಿಟ್ಟು ಕತ್ತಲೆಯ ಜಾತಿಗೆ ಸೇರುತ್ತದೆ. ಆಗ ಶತ್ರುಗಳು ಐವರು: ವಿದ್ಯುತ್ತು, ಹುಲ್ಲು, ಕೀಟ, ಮಲ್ಲಯುದ್ಧ, ಕಿನ್ನರಿ. ಬಲಕ್ಕೆ, ಈ ಒಬ್ಬೊಬ್ಬರ ಸಾಲ ತೀರಿಸುವವರ ಹೆಸರು.

ವಿದ್ಯುತ್ತಿಗೆ ಅಳಿಲು. ಉಳಿದ ನಾಲ್ಕಕ್ಕೆ ನಾಲ್ಕು ಹೆಸರು ಬೇಕೇನೋ ಎಂದುಕೊಂಡಿದ್ದೆವು. ಹುಡುಗ ಪಟ್ಟಿ ನೋಡುತ್ತಾ ನೋಡುತ್ತಾ ಕುಣಿದ. ಏಜಿಸ್ಲಾಶ್ ಎಂದೊಂದಿದೆ, ಕತ್ತಿ ಗುರಾಣಿಯ ರೂಪದ್ದು. ಉಕ್ಕು ಮತ್ತು ದೆವ್ವದ ಜಾತಿ. ಹುಲ್ಲು ಅದಕ್ಕೆ ಅರ್ಧವೇ ನಾಟುತ್ತದೆ. ಕಿನ್ನರಿಯದೂ ಅರ್ಧ. ಕೀಟದ್ದು ಕಾಲು. ಮಲ್ಲಯುದ್ಧದ ಹೊಡೆತ ದೆವ್ವದ ಮೈಯನ್ನು ಮುಟ್ಟುವುದೇ ಇಲ್ಲ. ನಾಲ್ಕು ಸಾಲಕ್ಕೆ ಒಬ್ಬನೇ ಜಾಮೀನು! ಇದನ್ನು ಕಂಡುಹಿಡಿದದ್ದು ಅವನೇ, ನಾನಲ್ಲ. ಅವತ್ತು ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ ಎಂದು ಅವನಜ್ಜಿ ನನ್ನನ್ನು ಬೈದಳು. ನಾಲ್ಕನೆಯದಾಗಿ ಗಾರ್ಚಾಂಪ್ ಇರಲಿ ಎಂದ. ಅದರ ಭೂಕಂಪ ಪಕ್ಕದಲ್ಲಿ ನಿಂತ ಸ್ವಂತ ಗೆಳೆಯನನ್ನೂ ಅಲುಗಿಸುತ್ತದೆ. ಹಾರುವ ಗ್ಯಾರಡಾಸ್‌ಗೆ ಅದು ತಟ್ಟದು, ಮೆಗಾ ಆದ ಮೇಲೆ ತಟ್ಟುತ್ತದೆ, ಅಳಿಲಿಗಂತೂ ಎರಡು ಪಟ್ಟು. ನನಗೆ ಅದು ಇಷ್ಟವಿರಲಿಲ್ಲ. ಹುಡುಗನ ತಂಡ, ಅವನ ಮಾತು ನಡೆಯಿತು.

ಮೊದಲ ದಿನ ಅಳಿಲು ನಮ್ಮ ಮರ್ಯಾದೆ ಉಳಿಸಿತು. ಹಾವು ಕಣಕ್ಕೆ ಬರುವಾಗಲೇ ಬುಸುಗುಟ್ಟಿ ಎದುರಾಳಿಗಳನ್ನು ಹೆದರಿಸುತ್ತದೆ, ಅವರ ಮೈಬಲದ ದಾಳಿ ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ಅಳಿಲು ಕೈಬೀಸಿ ಕರೆಯಿತು. ಗಿಡುಗ ಬಂದು ಬಡಿಯಿತು. ವಿದ್ಯುತ್ತಿನ ಅಳಿಲಿಗೆ ಗಾಳಿಯ ಹೊಡೆತ ಅರ್ಧ, ಹೆಚ್ಚೆಂದರೆ 39 ಖರ್ಚು. ಹಿಂದೆಯೇ ಸಿಡಿಲು ಬಂತು. ಅಳಿಲಿನ ಪೂರ್ತಿ ಜೀವ 167, ಅದರ ಕಾಲು ಭಾಗ 41 ಜಮಾ. ಖರ್ಚಿಗಿಂತ ಜಮಾ ಹೆಚ್ಚು! ಇಬ್ಬರು ಸೇರಿ ಹೊಡೆದೂ ಅಳಿಲು ಪೂರ್ತಿ ಜೀವದೊಂದಿಗೆ ನಿಂತಿತ್ತು. ಅಷ್ಟರಲ್ಲಿ ಹಾವು ಡ್ರ್ಯಾಗನ್ ಡ್ಯಾನ್ಸ್ ಕುಣಿದು ದಾಳಿಯನ್ನೂ ವೇಗವನ್ನೂ ಒಂದೂವರೆ ಪಟ್ಟು ಮಾಡಿಕೊಂಡಿತ್ತು. ಹುಡುಗ ಗೆದ್ದ. ಹನ್ನೊಂದು ದಿನದಲ್ಲಿ ಮೊದಲ ಸಲ.

ಆದರೆ ಅಕ್ಕ ದಡ್ಡಿಯಲ್ಲ. ಮಾರನೆಯ ದಿನ ಸಿಡಿಲು ಬಿಟ್ಟು ನೀರಿನ ಹೊಡೆತವನ್ನೂ ಗಿಡುಗನನ್ನೂ ಸೇರಿಸಿ ಅಳಿಲಿನ ಮೇಲೆಯೇ ಬಿಟ್ಟಳು. ಎರಡು ಸುತ್ತಿನಲ್ಲಿ ಅಳಿಲು ಮಲಗಿತು, ಮೂರನೆಯದರಲ್ಲಿ ಹಾವು. ಕಾವಲುಗಾರ ಇರುವುದು ಸ್ವಲ್ಪ ಸಮಯ ಕೊಂಡುಕೊಡುವುದಕ್ಕೆ. ಆ ಸಮಯದಲ್ಲಿ ಹಾವು ಕೆಲಸ ಮುಗಿಸದಿದ್ದರೆ ಕಾವಲಿದ್ದೂ ಅಷ್ಟೆ.

ಮಷೀನನ್ನು ಒಂದೇ ಸುತ್ತಿನಲ್ಲಿ ಮುಗಿಸುವ ದಾರಿ ಬೇಕಿತ್ತು. ಅಳಿಲಿನ ಹತ್ತಿರ ಸೂಪರ್ ಫ್ಯಾಂಗ್ ಎಂಬ ಕಚ್ಚುವ ಪಟ್ಟಿದೆ. ಪಾರ್ಕ್ ಅವರ ಅಳಿಲಿಗೂ ಇತ್ತು. ಅಳಿಲು ಎಷ್ಟೇ ಬಡಕಲಾಗಿರಲಿ, ಎದುರಾಳಿಯ ಉಳಿದ ಜೀವದಲ್ಲಿ ಸರಿಯಾಗಿ ಅರ್ಧ ಕಿತ್ತುಕೊಳ್ಳುತ್ತದೆ. ಮಷೀನಿನ ಜೀವ 125. ಅರ್ಧ ಹೋದರೆ ಉಳಿಯುವುದು 63. ಮೆಗಾ ಹಾವಿನ ಕ್ರಂಚ್ ಎಂಬ ಕಡಿತಕ್ಕೆ 75ರಿಂದ 88 ಹೋಗುತ್ತದೆ. ಮುಗಿಯಿತಲ್ಲ! ಹುಡುಗ ಚಪ್ಪಾಳೆ ತಟ್ಟಿದ, ಹೋಗಿ ಆಡಿದ, ಸೋತು ಬಂದ.

"ತಾತ, ನಿಮ್ಮ ಲೆಕ್ಕ ತಪ್ಪು."

ಮೂವತ್ತೇಳು ವರ್ಷದಲ್ಲಿ ನನಗೆ ಈ ಮಾತು ಹೇಳಿದವರು ಕಡಿಮೆ. ಮುಖ ಸಣ್ಣದಾಯಿತು. ಮತ್ತೆ ಹಾಳೆ ತೆಗೆದೆ. ಅಂಕಿ ಸರಿಯಾಗಿಯೇ ಇತ್ತು. ಆಮೇಲೆ ಹೊಳೆಯಿತು: ಹಾವು ಅಳಿಲಿಗಿಂತ ಬೇಗ. ಹಾವಿನ ವೇಗ 133, ಅಳಿಲಿನದು 115. ಹಾಗಾಗಿ ಕಡಿತ ಮೊದಲು, ಅರ್ಧ ಮಾಡುವುದು ಆಮೇಲೆ. 125ರಲ್ಲಿ 75 ಹೋಗಿ 50. ಅದರಲ್ಲಿ ಅರ್ಧ 25. ಮಷೀನು 25 ಇಟ್ಟುಕೊಂಡು ಬದುಕಿತು, ಸಿಡಿಲು ಬಿಟ್ಟಿತು. ಅರ್ಧ ತೆಗೆಯುವವನು ಖಾತೆ ತುಂಬಿರುವಾಗ ಬರಬೇಕು, ಖಾಲಿಯಾದ ಮೇಲೆ ಬಂದರೆ ಅವನಿಗೆ ಸಿಗುವುದು ಚಿಲ್ಲರೆ.

ಹಾಗಾದರೆ ಹಾವಿನ ವೇಗ ಕಡಿಮೆಯಾಗಬೇಕು. ಹುಡುಗ ನನ್ನನ್ನು ಹುಚ್ಚನಂತೆ ನೋಡಿದ. ಬಲವಂತನನ್ನು ಯಾರಾದರೂ ಬೇಕೆಂದೇ ನಿಧಾನ ಮಾಡುತ್ತಾರೆಯೇ?

ಆಟದಲ್ಲಿ ಪ್ರತಿ ಪ್ರಾಣಿಗೂ ತರಬೇತಿಯ ಅಂಕ ಒಟ್ಟು 510. ಅದನ್ನು ಜೀವ, ದಾಳಿ, ರಕ್ಷಣೆ, ವೇಗ ಮುಂತಾದ ಆರು ಬಾಬತ್ತಿಗೆ ಹಂಚಬೇಕು, ಒಂದು ಬಾಬತ್ತಿಗೆ 252ಕ್ಕಿಂತ ಹೆಚ್ಚು ಹಾಕುವಂತಿಲ್ಲ. 50ನೆಯ ಮೆಟ್ಟಿಲಿನಲ್ಲಿ 252 ಹಾಕಿದರೆ 32 ಅಂಕ ಏರುತ್ತದೆ. ಸಂಬಳದಾರರ ಮನೆಯ ಬಜೆಟ್ಟೇ. ಹುಡುಗ ದಾಳಿಗೆ 252, ವೇಗಕ್ಕೆ 252 ಹಾಕಿದ್ದ. ಮಕ್ಕಳೆಲ್ಲ ಹಾಗೇ ಹಾಕುವುದು. ವೇಗದ 252ನ್ನು ತೆಗೆದು ಜೀವಕ್ಕೆ ವರ್ಗಾಯಿಸಿದೆವು. ವೇಗ 133ರಿಂದ 101ಕ್ಕೆ ಇಳಿಯಿತು, ಜೀವ 170ರಿಂದ 202ಕ್ಕೆ ಏರಿತು. ಈಗ ಅಳಿಲು 115, ಮಷೀನು 106, ಹಾವು 101.

ಅಂದರೆ ಹಾವು ಕಡಿಯುವ ಮೊದಲು ಗಿಡುಗನ ಏಟನ್ನೂ ಸಿಡಿಲನ್ನೂ ತಿನ್ನಬೇಕು. ತಡೆದೀತೇ? ಮೆಗಾ ಆದರೆ ಸಿಡಿಲು ನಾಲ್ಕು ಪಟ್ಟಲ್ಲ, ಎರಡೇ ಪಟ್ಟು. ಅತಿ ಹೆಚ್ಚೆಂದರೆ 128. ಹೆದರಿದ ಗಿಡುಗನ ಹೊಡೆತ ಅತಿ ಹೆಚ್ಚೆಂದರೆ 57. ಒಟ್ಟು 185. ಹಳೆಯ 170ರ ಹಾವಾಗಿದ್ದರೆ ಸತ್ತಿತೋ ಉಳಿಯಿತೋ ನಾಣ್ಯ ಚಿಮ್ಮಿದಂತೆ. 202ರ ಹಾವಿಗೆ 17 ಉಳಿತಾಯ. ಹದಿನಾರಕ್ಕೆ ಒಂದು ಸಲ ಬೀಳುವ ಒಂದೂವರೆ ಪಟ್ಟಿನ ಮರ್ಮಾಘಾತ ಬಿದ್ದರೆ ನಮ್ಮ ಹಣೆಬರಹ.

ನಾನು ಬ್ಯಾಂಕಿಗೆ ಸೇರಿದಾಗ ಕಂಪ್ಯೂಟರು ಇರಲಿಲ್ಲ. ನಮ್ಮ ಶಾಖೆಯಲ್ಲಿ ಒಬ್ಬ ಕ್ಯಾಶಿಯರು ನೋಟು ಎಣಿಸುವುದನ್ನು ನೋಡುವುದಕ್ಕೇ ಜನ ನಿಲ್ಲುತ್ತಿದ್ದರು, ಅಷ್ಟು ಚುರುಕು ಕೈ. ಅವರ ಹಿಂದೆ ಲೆಡ್ಜರಿನಲ್ಲಿ ಬಾಕಿ ನೋಡಿ, ಚೆಕ್ಕಿಗೆ ಗುರುತು ಹಾಕಿ ದಾಟಿಸುವವನು ನಾನು. ನನ್ನ ಕೈಯಿಂದ ಚೆಕ್ಕು ಹೋಗುವ ಮೊದಲೇ ಅವರು ದುಡ್ಡು ಕೊಟ್ಟರೆ ಇಬ್ಬರ ಕೆಲಸವೂ ಹೋಗುತ್ತಿತ್ತು. ಅವರು ಕಾಯುತ್ತಿದ್ದರು. ಗಿರಾಕಿಗಳು ನನ್ನನ್ನು ಬೈಯುತ್ತಿದ್ದರು, ಅವರನ್ನು ಹೊಗಳುತ್ತಿದ್ದರು. ಇದನ್ನು ಹುಡುಗನಿಗೆ ಹೇಳಿದೆ. "ನೀವು ಪಾಚಿರಿಸು ಆಗಿದ್ರಾ ತಾತ?" ಎಂದು ಕೇಳಿದ. ಹೌದು ಮಗಾ, ಹೆಚ್ಚುಕಡಿಮೆ ಅದೇ.

ತರಬೇತಿ ಬದಲಿಸಲು ಇನ್ನೆರಡು ದಿನ ಹಿಡಿಯಿತು. ಭಾನುವಾರ ಮಧ್ಯಾಹ್ನ ಇಬ್ಬರೂ ಎದುರು ಕೂತರು. ಅಜ್ಜಿ ಹಲಸಿನ ತೊಳೆ ಬಿಡಿಸುತ್ತಾ ಪಕ್ಕದಲ್ಲಿದ್ದಳು. ಅಕ್ಕ ಮಷೀನು, ಗಿಡುಗ ಇಳಿಸಿದಳು. ಹುಡುಗ ಹಾವು, ಅಳಿಲು. ಗಿಡುಗ ಹಾವಿಗೇ ಬಡಿಯಿತು. 202ರಲ್ಲಿ 51 ಹೋಯಿತು. ಅಳಿಲು ಕೈಬೀಸಲಿಲ್ಲ, ಓಡಿಹೋಗಿ ಮಷೀನನ್ನು ಕಚ್ಚಿತು. ಪಟ್ಟಿ ಅರ್ಧಕ್ಕೆ ಇಳಿಯಿತು. ಅಕ್ಕ ತಲೆ ಎತ್ತಿ ತಮ್ಮನ ಮುಖ ನೋಡಿದಳು. ಸಿಡಿಲು ಬಿತ್ತು. ಹುಡುಗ ಕಣ್ಣು ಮುಚ್ಚಿಕೊಂಡ. ನಾನು ಮುಚ್ಚಲಿಲ್ಲ: 116 ಹೋಗಿ 35 ಉಳಿದಿತ್ತು. ಹಾವು ಬಾಯಿ ತೆರೆದು ಕಡಿಯಿತು, ವಾಷಿಂಗ್ ಮಷೀನು ಉರುಳಿತು.

ಆ ಕಾಳಗ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ಸುತ್ತಿನಲ್ಲಿ ಗಿಡುಗ ಹಾವನ್ನು ಮುಗಿಸಿತು. ಅಳಿಲು ಅದಕ್ಕೂ ಒಂದು ಸುತ್ತು ಹೆಚ್ಚಿಗೆ ಬದುಕಿ, ಉಳಿದದ್ದನ್ನು ಏಜಿಸ್ಲಾಶ್‌ಗೆ ಒಪ್ಪಿಸಿ ಮಲಗಿತು. ಕೊನೆಗೆ ಕತ್ತಿ ಗುರಾಣಿ ಒಂದೇ ನಿಂತಿತ್ತು, ಎದುರಿಗೆ ಯಾರೂ ಇರಲಿಲ್ಲ. ಗಾರ್ಚಾಂಪ್ ಕಣಕ್ಕೆ ಬಂದು ಬೇಗನೆ ಹೋಯಿತು. ನಾನು ಏನೂ ಅನ್ನಲಿಲ್ಲ.

ಹುಡುಗ ಮನೆಯೆಲ್ಲ ಓಡಾಡಿದ. ಗ್ಯಾರಡಾಸ್ ಬಿಡುವ ಮಾತು ಮತ್ತೆ ಬರಲಿಲ್ಲ. ಅಕ್ಕ ಮಾತು ಬಿಡಲಿಲ್ಲ, ಅದೊಂದು ನನಗೆ ಸಮಾಧಾನ. ಹಲಸಿನ ತೊಳೆ ತಿನ್ನುತ್ತಾ ಹತ್ತಿರ ಬಂದು ಕೂತಳು. "ತಾತ, ನಿಧಾನ ಮಾಡಿದ್ದು ನಿಮ್ಮ ಐಡಿಯಾ ತಾನೇ? ಅವನ ಹಾಳೆ ತೋರಿಸಿ, ಒಂದು ನಿಮಿಷ."

ಒಬ್ಬರ ಖಾತೆಯನ್ನು ಇನ್ನೊಬ್ಬರಿಗೆ ತೋರಿಸುವಂತಿಲ್ಲ ಎಂದೆ. ಬೇಕಾದರೆ ಹೊಸ ಖಾತೆ ತೆರೆಯಬಹುದು, ಹಾಳೆ ಪೆನ್ಸಿಲ್ಲು ತೆಗೆದುಕೊಂಡು ಬಾ ಎಂದೆ. ಅವಳು ಎದ್ದು ಹೋದಳು. ಬರುವಾಗ ಕೈಯಲ್ಲಿ ಗೆರೆ ಹಾಕಿದ ಉದ್ದನೆಯ ನೋಟ್‌ಬುಕ್ಕೇ ಇತ್ತು, ಮೊದಲ ಪುಟದ ಎಡಗಡೆಯಲ್ಲಿ ವಾಷಿಂಗ್ ಮಷೀನಿನ ಚಿತ್ರ, ಅದರ ಕೆಳಗೆ ಒಂದೇ ಹೆಸರು: ಹುಲ್ಲು.